ದಕ್ಷಿಣದ ಗೋಡೆಗೆ ಎಷ್ಟು ಬೆಳಕು

ಯಜಮಾನರ ಫೋಟೋವನ್ನು ನಡುಮನೆಯ ದಕ್ಷಿಣದ ಗೋಡೆಗೆ ಹಾಕಿದಂದಿನಿಂದ ನನಗೆ ಅವರ ಮುಖ ಸರಿಯಾಗಿ ಕಂಡಿರಲಿಲ್ಲ. ಎದುರಿಗೇ ಕಿಟಕಿ, ಅದರಾಚೆ ಪಕ್ಕದ ಮನೆಯ ಬಿಳಿ ಗೋಡೆ. ಬೆಳಗ್ಗೆ ಎದ್ದು ನೋಡಿದರೆ ಫೋಟೋದ ಗಾಜಿನಲ್ಲಿ ಕಿಟಕಿಯ ಕಂಬಿಗಳು. ಹತ್ತಿರ ಹೋದರೆ ನನ್ನದೇ ಮುಖ. ತೀರಿಕೊಂಡವರ ಫೋಟೋ ಬೇರೆ ಗೋಡೆಗೆ ಹಾಕಬಾರದು ಎಂದು ಅತ್ತೆ ಹೇಳಿಬಿಟ್ಟಿದ್ದರು. ಹಾಗಾಗಿ ಆ ಗೋಡೆ ಬಿಟ್ಟು ಕದಲಿಸುವಂತಿರಲಿಲ್ಲ.

ಮೈದುನ ವೇಮಗಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾನೆ. ಭಾನುವಾರ ಊರಿಗೆ ಬಂದಾಗ ಅವನಿಗೆ ಹೇಳಿಕೊಂಡೆ. ಅಲ್ಲಿ ಕೆಲಸದ ಮೇಜುಗಳ ಮೇಲೆ ಬೆಳಕು ಸಾಕೋ ಇಲ್ಲವೋ ಎಂದು ಅಳೆದು ನೋಡುತ್ತಾರಂತೆ. "ಕಣ್ಣಂದಾಜು ಬೇಡ ಅತ್ಗೆ, ಫೋನಲ್ಲೇ ಅಳೀಬೋದು" ಎಂದು ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟ. ಎಲ್ಲಿ ಅಂಕಿ ಜಾಸ್ತಿ ಬರುತ್ತದೋ ಅಲ್ಲಿಗೆ ಮೊಳೆ ಬದಲಾಯಿಸೋಣ ಎಂದ. ಬೆಳಕು ಹೆಚ್ಚಿದ್ದರೆ ಮುಖ ಚೆನ್ನಾಗಿ ಕಾಣಬೇಕು ಎಂದು ನಾನೂ ನಂಬಿದೆ.

ಆ ವಾರವೆಲ್ಲ ಅದೇ ಕೆಲಸ. ಬೆಳಕು ಹಿಡಿಯುವ ಕಣ್ಣು ಫೋನಿನ ಮುಂಭಾಗದಲ್ಲಿ, ಮೇಲ್ತುದಿಗೆ ಇರುತ್ತದಂತೆ. ಗೋಡೆಗೆ ಫೋನು ಒತ್ತಿ ಹಿಡಿದು ಅಂಕಿ ಓದಲು ಎದುರು ನಿಂತರೆ ನನ್ನ ನೆರಳು ಬಿದ್ದು ಅಂಕಿ ಇಳಿಯುತ್ತಿತ್ತು. ಪಕ್ಕಕ್ಕೆ ಸರಿದರೆ ಓದಲಾಗುತ್ತಿರಲಿಲ್ಲ. ಓದಲು ಕತ್ತು ಚಾಚಿದರೆ ಜಾಹೀರಾತು ಬಂದು ಪರದೆ ತುಂಬಾ ಕುಳಿತುಬಿಡುತ್ತಿತ್ತು. ನಾನು ಗೋಡೆಯುದ್ದಕ್ಕೂ ಫೋನು ಒತ್ತುತ್ತಾ ಹೋಗುವುದನ್ನು ನೋಡಿ ಅತ್ತೆ, "ಗೋಡೆಗೇನಮ್ಮಾ, ಜ್ವರ ಬಂದೈತಾ?" ಎಂದರು.

ಮುಂದಿನ ಭಾನುವಾರ, ಅಂಕಿ ಎಲ್ಲಕ್ಕಿಂತ ಹೆಚ್ಚು ಬಂದ ಕಡೆ ಮೈದುನ ಮೊಳೆ ಹೊಡೆದ. ಫೋಟೋ ಹಾಕಿದೆವು. ಮೊದಲು ಅರ್ಧ ಕಿಟಕಿ ಕಾಣುತ್ತಿದ್ದ ಗಾಜಿನಲ್ಲಿ ಈಗ ಇಡೀ ಕಿಟಕಿ. ಅತ್ತೆ ಎಂದಿನಂತೆ ಬಂದು ಗಾಜಿಗೆ ಕುಂಕುಮವಿಟ್ಟು ಹೋದರು. ನಾನು ಎದುರು ನಿಂತೆ. ಆ ಕುಂಕುಮ ಗಾಜಿನಲ್ಲಿದ್ದ ನನ್ನ ಹಣೆಯ ಮೇಲೆ ಬಂದು ಕೂತಿತ್ತು. ಸರಕ್ಕನೆ ಪಕ್ಕಕ್ಕೆ ಸರಿದೆ. ಆವತ್ತು ಆ ಆ್ಯಪಿನ ಮೇಲೆ ಬಂದಷ್ಟು ಸಿಟ್ಟು ನನಗೆ ಮನುಷ್ಯರ ಮೇಲೂ ಬಂದಿಲ್ಲ.

ಗಾಜು ತೆಗೆಸಿಬಿಡಿ ಎಂದು ಮುಳಬಾಗಿಲಿನಲ್ಲಿ ಫೋಟೋಗೆ ಕಟ್ಟು ಹಾಕುವವರು ಹೇಳಿದರು. ಅತ್ತೆ ಒಪ್ಪಲಿಲ್ಲ. ಗಾಜಿಲ್ಲದಿದ್ದರೆ ಕುಂಕುಮ ಎಲ್ಲಿಡುವುದು, ಹಲ್ಲಿ ಓಡಾಡಿದರೆ ಏನು ಗತಿ ಎಂದರು. ಅದೂ ನಿಜವೇ.

ಕೊನೆಗೆ ಒಂದು ದಿನ ಧೂಳು ಒರೆಸುವಾಗ ಫೋಟೋದ ಮೇಲಂಚನ್ನು ಹಿಡಿದು ನನ್ನ ಕಡೆಗೆ ಎಳೆದುಕೊಂಡೆ. ಕಿಟಕಿ ಗಾಜಿನಿಂದ ಜಾರಿ ಹೋಯಿತು. ಅವರು ಕಂಡರು. ಬಿಟ್ಟರೆ ಮತ್ತೆ ಕಿಟಕಿ. ಮೇಲಂಚಿನ ಹಿಂದೆ ಒಂದು ಮರದ ಚೂರು ಸಿಕ್ಕಿಸಿ, ಫೋಟೋ ಮುಂದಕ್ಕೆ ಬಾಗಿರುವಂತೆ ಮಾಡಿದೆ. ಮೈದುನ ಬಂದವನೇ ಅದಕ್ಕೂ ಫೋನು ಹಿಡಿದ.

"ಇಲ್ಲಿ ಕಮ್ಮಿ ತೋರಿಸ್ತೈತೆ ಅತ್ಗೆ."

"ತೋರಿಸ್ಲಿ ಬಿಡಪ್ಪ. ನಿಮ್ಮಣ್ಣ ಕಾಣಿಸ್ತಾರಲ್ಲ."

ಅವನು ಫೋನು ಜೇಬಿಗಿಟ್ಟುಕೊಂಡ.

ಯಜಮಾನರು ತೀರಿಹೋದ ದಿನದ ಗಡಿಬಿಡಿಯಲ್ಲಿ, ಯಾವುದೋ ಮದುವೆಯಲ್ಲಿ ತೆಗೆದ ಆ ಚಿತ್ರವನ್ನು ಆರಿಸಿ ದೊಡ್ಡದು ಮಾಡಿಸಿದ್ದವನು ಮೈದುನನೇ. ನಾನು ಆಗ ನೋಡಿರಲಿಲ್ಲ. ಈಗ ಕೂತು ಸಾವಕಾಶವಾಗಿ ನೋಡಿದೆ. ಅವರ ಕಣ್ಣು ಕ್ಯಾಮೆರಾದ ಕಡೆಗಿಲ್ಲ. ಪಕ್ಕಕ್ಕೆ ತಿರುಗಿದೆ. ನಾನು ಎಲ್ಲಿ ಕೂತರೂ ಅವರು ನನ್ನನ್ನು ನೋಡುವುದಿಲ್ಲ. ಇಷ್ಟೆಲ್ಲ ಹೆಣಗಾಡಿದ್ದು ಇದಕ್ಕಾ ಎನಿಸಿತು. ಆ ನೋಟ ನನಗೆ ಗೊತ್ತಿರುವುದೇ. ಮದುವೆ ಮನೆಯಲ್ಲಿ ಸಾಕಾದಾಗ, ಹೊರಡೋಣ ಎಂದು ಬಾಯಿಬಿಟ್ಟು ಹೇಳದೆ, ಅವರು ಬಾಗಿಲ ಕಡೆ ಹೀಗೆಯೇ ನೋಡುತ್ತಿದ್ದರು.