ಮುಚ್ಚಿದ ಹಿತ್ತಿಲ ಬಾಗಿಲು

ಬೆಳಕು ಹರಿಯುವ ಮೊದಲು ಅಂಕಮ್ಮ ಒಲೆಯ ಬೂದಿ ತೆಗೆಯುತ್ತಿದ್ದಳು, ಎರಡು ಎಮ್ಮೆ ಒಂದು ಹಸುವಿನ ಸಗಣಿ ಬಾಚುತ್ತಿದ್ದಳು, ಹಾಲು ಕರೆಯುತ್ತಿದ್ದಳು, ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುತ್ತಿದ್ದಳು, ಕೊಬ್ಬರಿ ಚಿಪ್ಪು ತುಂಬಿ ಹಂಡೆಗೆ ಉರಿ ಹಾಕುತ್ತಿದ್ದಳು. ಅತ್ತೆಗೆ ಕಾಫಿ, ಗಂಡನಿಗೆ ಕಾಫಿ, ಮಗಳು ಪವಿತ್ರಾಳ ಡಬ್ಬಿಗೆ ಚಿತ್ರಾನ್ನ. ಇಷ್ಟರ ನಡುವೆ ಹದಿನಾಲ್ಕು ಕೊಡ ನೀರು.

ಬಾವಿ ಇದ್ದದ್ದು ಅಡಿಗೆಮನೆಯ ಗೋಡೆಯಿಂದ ಹತ್ತೇ ಹೆಜ್ಜೆ. ಒಲೆ ಮುಂದೆ ಕೂತರೆ ರಾಟೆಯ ಸದ್ದು ಕೇಳುತ್ತಿತ್ತು. ಆದರೆ ಆ ಗೋಡೆಗೆ ಬಾಗಿಲಿರಲಿಲ್ಲ. ನಡುಮನೆ ದಾಟಿ, ಎದೆಮಟ್ಟದ ತಲೆಬಾಗಿಲಲ್ಲಿ ಬೆನ್ನು ಮಡಿಸಿ, ಸೊಟ್ಟ ಓಣಿ ಮೂರು ಸುತ್ತಿ ಹೋಗಬೇಕು, ಹಾಗೇ ಬರಬೇಕು. ಸಗಣಿ ಪುಟ್ಟಿಗೂ ಅದೇ ದಾರಿ.

ತುರುವೇಕೆರೆ ಕಡೆಯ ಅವರ ಊರು ಬೇವಿನಕೋಟೆ ಒಂದು ಕಾಲಕ್ಕೆ ದೊಡ್ಡ ಪಟ್ಟಣವಂತೆ. ಅದರ ಕಥೆಯನ್ನು ಅತ್ತೆ ರಂಗಕ್ಕ ಬೆರಳು ಮಡಿಸಿ ಹೇಳುತ್ತಿದ್ದಳು. ಮೊದಲ ದಂಡು ರಾಗಿ ದೋಚಿತು. ಜನ ಮನೆಯೊಳಗೇ ಹಗೇವು ತೋಡಿ ಧಾನ್ಯ ಬಚ್ಚಿಟ್ಟರು. ಎರಡನೆಯದು ಕುದುರೆ ಮೇಲೆ ಬಂತು. ಕುದುರೆ ತಿರುಗಬಾರದೆಂದು ಓಣಿಗಳನ್ನು ಸೊಟ್ಟ ಮಾಡಿದರು. ಮೂರನೆಯದು ಮನೆಗೇ ನುಗ್ಗಿತು. ಬರುವವನ ತಲೆ ಮೊದಲು ಒಳಗೆ ಬಂದು ಕತ್ತಿಗೆ ಸಿಗಲಿ ಎಂದು ತಲೆಬಾಗಿಲನ್ನು ಗಿಡ್ಡ ಮಾಡಿದರು. ಕಡೆಯ ಸಲ ಯಾರದೋ ಸೊಸೆ ನೀರಿಗೆಂದು ಹಿತ್ತಿಲ ಬಾಗಿಲು ತೆಗೆದಳಂತೆ, ದಂಡು ಅಲ್ಲಿಂದಲೇ ಬಂತಂತೆ. ಅವತ್ತಿನಿಂದ ಕೋಟೆಬೀದಿಯ ಇಪ್ಪತ್ತೆರಡು ಮನೆಯ ಹಿತ್ತಿಲ ಬಾಗಿಲಿಗೂ ಕಲ್ಲು. ವರ್ಷಕ್ಕೊಮ್ಮೆ ಮಹಾಲಯ ಅಮಾವಾಸ್ಯೆಗೆ ಆ ಜಾಗವನ್ನು ಸೊಸೆಯಂದಿರೇ ಸಾರಿಸಿ, ಕುಂಕುಮ ಇಟ್ಟು, ಕಾಯಿ ಒಡೆದು "ತಪ್ಪಾಯ್ತು" ಅನ್ನಬೇಕು.

ಅಂಕಮ್ಮ ಹತ್ತೊಂಬತ್ತು ಸಲ ತಪ್ಪಾಯ್ತು ಅಂದಿದ್ದಳು. ದಂಡುಗಳು ಬಂದ ದಾರಿಯಲ್ಲೇ ಹೋದವು, ಕಲ್ಲು ಪೇರಿಸಿದ ಗಂಡಸರೂ ಮಣ್ಣಾದರು. ಆ ಭಯಗಳು ಹುಟ್ಟಿಸಿದ ಕೆಲಸ ಮಾತ್ರ ಹೆಂಗಸರ ಪಾಲಿಗೆ ಉಳಿದಿತ್ತು.

ತೊಂಬತ್ತೇಳರ ಮಾಘದಲ್ಲಿ ಒಂದು ಬೆಳಿಗ್ಗೆ, ಕೊಡದ ಸಮೇತ ತಲೆಬಾಗಿಲಲ್ಲಿ ಬಗ್ಗಿದವಳು ಮೇಲೇಳಲಾರದೆ ಹೋದಳು. ಮೂರು ತಿಂಗಳು ಭಾರ ಎತ್ತಕೂಡದು ಅಂದರು ತಿಪಟೂರಿನ ಡಾಕ್ಟರು.

"ಪವಿತ್ರಾ ಹೊರ್ತಾಳೆ ಬುಡು," ಅಂದ ಗಂಡ ಈರಣ್ಣ. ಅವನು ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ಮೂಟೆ ಹೊರುವವನು.

"ಅವಳ ಏಳು ಗಂಟೆ ಬಸ್ಸು? ಕಾಲೇಜು?"

"ಎಷ್ಟು ಓದಿದ್ರೂ ನೀರು ಹೊರೋದೇ ತಾನೆ?"

"ನೀವೇ ಹೊರ್ರಿ. ಮೂಟೆ ಹೊರೋ ಹೆಗಲಿಗೆ ಕೊಡ ಭಾರವಾ?"

ರಂಗಕ್ಕ ಬಾಯಿ ಮೇಲೆ ಕೈಯಿಟ್ಟಳು. "ಗಂಡಸು ಕೊಡ ಹೊತ್ರೆ ಬೀದಿ ನಗ್ತದೆ ಕಣೇ!"

"ನಗ್ಲಿ ಬುಡಿ ಅತ್ತೆ. ನಕ್ಕರೆ ಬೀದಿಗೇನು ಸೊಂಟ ಹಿಡ್ಕೊಳ್ತದಾ?"

ಈರಣ್ಣ ಹೊರಲಿಲ್ಲ. ಪವಿತ್ರಾ ಹೊತ್ತಳು. ಎರಡು ದಿನ ಓಡಿ ಹೋದರೂ ಬಸ್ಸು ತಪ್ಪಿತು. ಮೂರನೆಯ ದಿನ ಪುಸ್ತಕದ ಚೀಲವನ್ನು ಗೂಟದಿಂದ ತೆಗೆಯಲೇ ಇಲ್ಲ. ಮಗಳು ಅತ್ತಿದ್ದರೆ ಅಂಕಮ್ಮ ಸಮಾಧಾನ ಹೇಳುತ್ತಿದ್ದಳೇನೋ. ಅವಳು ಅಳಲಿಲ್ಲ, ಕೊಡ ಸೊಂಟಕ್ಕಿಟ್ಟುಕೊಂಡು ಹೊರಟಳು.

ಗಾರೆ ಕೆಲಸದ ಇಸ್ಮಾಯಿಲ್‌ನನ್ನು ಕರೆಸಿ ಅಂಕಮ್ಮ ಅಡಿಗೆಮನೆಯ ಗೋಡೆಯಲ್ಲಿ ಕಲ್ಲು ತುಂಬಿದ ಬಾಗಿಲು ತೋರಿಸಿದಳು. ಅವನು ತಟ್ಟಿ ನೋಡಿದ. "ಮೇಲೆ ಚಪ್ಪಡಿ ಐತೆ ಅಕ್ಕ, ಸೂರು ಬೀಳಲ್ಲ. ನಡುವೆ ಬರೀ ಮಣ್ಣಲ್ಲಿ ಕೂರ್ಸಿರೋ ಕಲ್ಲು. ಆದ್ರೆ ಯಜಮಾನ್ರು ಒಂದು ಮಾತು ಹೇಳ್ಬೇಕು."

"ನೀರು ಹೊರೋರು ನಾವು. ಅವರ ಮಾತ್ಯಾಕಪ್ಪ?"

"ನಾನು ಕೈ ಹಾಕಿದ್ರೆ ನಾಳೆ ಬೀದಿಯೋರು ಕೋಟೆಗೆ ಇನ್ನೊಂದು ದಂಡು ಬಂತು ಅಂತಾರೆ ಕಣಕ್ಕ," ಎಂದು ನಕ್ಕು, ಚಹಾ ಕುಡಿದು ಹೋದ.

ಮುಂದಿನ ಬುಧವಾರ ಕೊಬ್ಬರಿ ಹರಾಜು. ಈರಣ್ಣ ನಸುಕಿಗೇ ಮಂಡಿಗೆ ಹೋದ. ರಂಗಕ್ಕ ಹಿಂದಿನ ದಿನವೇ ಶೆಟ್ಟಿಕೆರೆಯ ಮಗಳ ಮನೆಗೆ ಹೋಗಿದ್ದಳು. ಕೊಡಕ್ಕೆ ಕೈ ಹಾಕಿದ ಪವಿತ್ರಾಳನ್ನು ಅಂಕಮ್ಮ ತಡೆದಳು.

"ಬಸ್ಸಿಗೆ ಹೋಗು."

"ನೀರು?"

"ಅದು ನನಗೆ ಬುಡು. ಹೋಗು ಅಂದ್ನಲ್ಲ!"

ಮಗಳು ಓಣಿ ತಿರುಗಿದ ಮೇಲೆ ಮನೆಯಲ್ಲಿ ಅವಳೊಬ್ಬಳೇ. ಸಂಜೆ ಗಂಡ ಕೂಗಾಡುತ್ತಾನೆ, ಕೈ ಎತ್ತಿದರೂ ಎತ್ತಿಯಾನು. ಇಪ್ಪತ್ತೊಂದು ಮನೆಯವರು ಮಾತು ಬಿಡುತ್ತಾರೆ. ಯಾವ ಮನೆಯಲ್ಲಿ ಏನು ಕೆಟ್ಟರೂ ಇನ್ನು ಅವಳ ಹೆಸರೇ. ಎಲ್ಲವನ್ನೂ ಒಂದೊಂದಾಗಿ ಯೋಚಿಸಿದಳು. ಯಾವುದೂ ಸುಳ್ಳಾಗುವಂತೆ ಕಾಣಲಿಲ್ಲ.

ಡಾಕ್ಟರು ಎತ್ತಬೇಡ ಅಂದಿದ್ದರು, ತಳ್ಳಬೇಡ ಅಂದಿರಲಿಲ್ಲ. ಸೊಂಟಕ್ಕೆ ಹಳೇ ಸೀರೆ ಬಿಗಿದು ಗೋಡೆಯ ಮುಂದೆ ಕೂತಳು. ಕುಡುಗೋಲಿನ ತುದಿಯಿಂದ ಸಂದಿನ ಮಣ್ಣು ಕೆರೆದಳು. ಒಂದು ಕಲ್ಲು ಅಲುಗಿತು. ಎರಡೂ ಅಂಗೈ ಕೊಟ್ಟು ನೂಕಿದಳು. ಅದು ಹಿತ್ತಿಲಿಗೆ ಉರುಳಿ ಬಿತ್ತು.

"ಏನೇ ಅದು ಸದ್ದು, ಅಂಕಮ್ಮಾ?" ಪಕ್ಕದ ಮನೆಯಿಂದ ಯಾರೋ ಕೂಗಿದರು.

ಅಂಕಮ್ಮ ಎರಡನೆಯ ಕಲ್ಲಿನ ಸಂದಿಗೆ ಕುಡುಗೋಲು ಇಟ್ಟಳು.