ಎರಡು ಭಾನುವಾರದ ಡಯಟೀಶಿಯನ್

ನಮ್ಮ ಕಾನ್ವೆಂಟಿನಲ್ಲಿ ಹೋಮ್ ಸೈನ್ಸ್ ಎಂದರೆ ಲೆಕ್ಕದಲ್ಲಿ ನಪಾಸಾದವರು ಹೋಗಿ ಸೇರುವ ಜಾಗ. ಸಿಸ್ಟರ್ ನಮಗೆ ವೈಟ್ ಸಾಸ್ ಮಾಡುವುದನ್ನು ಕಲಿಸಿದರು. ಅದನ್ನು ಬಾಯಿಗಿಡುವ ಒಬ್ಬ ಗಂಡಸೂ ಶಿವಮೊಗ್ಗದಲ್ಲಿ ನನಗೆ ಸಿಗಲಿಲ್ಲ. ಆದರೂ ಆ ಏಪ್ರನ್ನಿನ ಗಂಜಿ ವಾಸನೆ ನೆನಪಾದರೆ ಈಗಲೂ ಮನಸ್ಸು ಸಾಫ್ಟ್ ಆಗುತ್ತದೆ.

ಮೊಮ್ಮಗಳದು ಅಂಥ ಓದಲ್ಲ. ನ್ಯೂಟ್ರಿಷನ್ನಿನಲ್ಲಿ ಮೂರು ವರ್ಷ ಬಿ.ಎಸ್ಸಿ., ಎರಡು ವರ್ಷ ಎಂ.ಎಸ್ಸಿ., ಬಯೋಕೆಮಿಸ್ಟ್ರಿ ಓದಿ ಓದಿ ಕನ್ನಡಕ ಬಂತು. ಈಗ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಆರು ತಿಂಗಳ ಇಂಟರ್ನ್‌ಶಿಪ್. ಅದು ಮುಗಿದರೇನೇ ರಿಜಿಸ್ಟರ್ಡ್ ಡಯಟೀಶಿಯನ್ ಪರೀಕ್ಷೆಗೆ ಕೂರಬಹುದು. ನೆಂಟರದು ಮಾತ್ರ ಒಂದೇ ರಾಗ: "ಅನ್ನ ಕಮ್ಮಿ ಮಾಡಿ ಅನ್ನೋಕೆ ಇಷ್ಟೆಲ್ಲ ಓದ್ಬೇಕಾ?"

ಭದ್ರಾವತಿಯ ಜನ್ನಾಪುರದಲ್ಲಿ ಅವಳ ಸೋದರತ್ತೆ ಇದ್ದಾಳೆ, ನನ್ನ ಅಳಿಯನ ಅಕ್ಕ. ಎರಡೇ ಭಾನುವಾರದ ಟ್ರೈನಿಂಗಿನಲ್ಲಿ ವೆಲ್‌ನೆಸ್ ಕೋಚ್ ಆದ ಮಹಾತಾಯಿ. ಮುಂದಿನ ಕೋಣೆಯಲ್ಲಿ ಮಿಕ್ಸಿ ಇಟ್ಟು, ಡಬ್ಬಿಯ ಪ್ರೋಟೀನ್ ಪೌಡರ್ ಕಲಸಿ ಬೀದಿಗೆಲ್ಲ ಕುಡಿಸುತ್ತಾಳೆ. ಕಳೆದ ತಿಂಗಳು ಮೊಮ್ಮಗಳಿಗೆ ಅವಳಿಂದ ಆಫರ್ ಬಂತು. "ಆಸ್ಪತ್ರೆ ಬಿಟ್ಟು ಬಾ ಪುಟ್ಟಿ. ನಾಳೆನೇ ಡಯಟೀಶಿಯನ್ ಅಂತ ನಿನ್ ಹೆಸ್ರಲ್ಲಿ ಬೋರ್ಡ್ ಹಾಕಿಸ್ತೀನಿ."

ಸಂಬಳವಿಲ್ಲದೆ ವಾರ್ಡು ಸುತ್ತಿ ಸೋತಿದ್ದ ಹುಡುಗಿಗೆ ಆಸೆ ಹುಟ್ಟಿತು. ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ನೋಡಲು ಹೋದಳು.

ಅಲ್ಲಿ ಕಾರ್ಖಾನೆಯಿಂದ ರಿಟೈರ್ ಆದವರೊಬ್ಬರು ಗ್ಲಾಸ್ ಹಿಡಿದು ಕೂತಿದ್ದರು. ಪಾದಗಳು ಊದಿಕೊಂಡಿದ್ದವು.

"ಅಂಕಲ್, ಕಿಡ್ನಿ ಟೆಸ್ಟ್ ಮಾಡ್ಸಿದೀರಾ?" ಮೊಮ್ಮಗಳು ಕೇಳಿದಳು.

"ವೀಕ್ ಆಗಿದೆ ಅಂದ್ರಮ್ಮ ಡಾಕ್ಟ್ರು. ಅದ್ಕೇ ಶಕ್ತಿ ಬರ್ಲಿ ಅಂತ ಇಲ್ಲಿಗೆ ಬರ್ತೀನಿ."

ಅವಳು ಮೆಲ್ಲಗೆ ಗ್ಲಾಸ್ ತೆಗೆದು ಪಕ್ಕಕ್ಕಿಟ್ಟಳು. "ಇದು ನಿಮ್ ಕಿಡ್ನಿಗೆ ಭಾರ ಅಂಕಲ್. ಡಾಕ್ಟ್ರನ್ನ ಕೇಳ್ದೆ ಕುಡೀಬೇಡಿ."

ಅತ್ತೆಯ ಮುಖ ಕೆಂಪಾಯಿತು. "ಅಲ್ಲ ಮಾರಾಯ್ತಿ, ಗಿರಾಕಿ ಓಡ್ಸೋಕೆ ಬಂದ್ಯಾ? ಐದ್ ವರ್ಷ ಇದನ್ನೇನಾ ಕಲ್ತಿದ್ದು?"

"ಹೂಂ ಅತ್ತೆ, ಇದನ್ನೇ."

"ಕುಡ್ದವ್ರು ಯಾರೂ ಬಂದು ಕಂಪ್ಲೇಂಟ್ ಮಾಡಿಲ್ವಲ್ಲ!"

"ಸತ್ತವ್ರು ಎದ್ದು ಬಂದು ಕಂಪ್ಲೇಂಟ್ ಮಾಡ್ತಾರೇನಮ್ಮ?" ಎಂದೆ. ವೆರಿ ಬ್ಯಾಡ್ ಮ್ಯಾನರ್ಸ್, ಗೊತ್ತು. ಆದರೆ ಎಷ್ಟು ಹಿತವಾಯಿತು!

ನಮಗೆ ಕಾಫಿ ಸಿಗಲಿಲ್ಲ. ವಾಪಸು ಬರುವಾಗ ಬಸ್ಸು ಮಲವಗೊಪ್ಪ ದಾಟಿದ ಮೇಲೆ ಹುಡುಗಿ ನನ್ನ ಕಡೆ ತಿರುಗಿದಳು.

"ಅಜ್ಜಿ, ನಾಳೆ ಡಯಾಲಿಸಿಸ್ ವಾರ್ಡಲ್ಲಿ ಡ್ಯೂಟಿ. ಸ್ವಲ್ಪ ಬೇಗ ಎಬ್ಸು."