ಸೇತುವೆಗೆ ಅಡ್ಡ ನಿಂತ ಕಂಡಕ್ಟರ್

ನಾವು ಶಾಲೆಗೆ ಹೋಗುತ್ತಿದ್ದ ಕಳಸದ ಬಸ್ಸಿನ ಕಂಡಕ್ಟರ್ ನಮ್ಮಿಂದ ಸೂಪರ್‌ಹೀರೋ ಕಾಮಿಕ್ಸ್ ಇಸಿದುಕೊಂಡು, ಬೆರಳಿಗೆ ಎಂಜಲು ಹಚ್ಚಿ, ಖಳನಿರುವ ಪುಟಗಳನ್ನಷ್ಟೇ ಓದುತ್ತಿದ್ದರು. "ಹೀರೋ ಕೆಲಸ ಸುಲಭ ಮಾರಾಯ್ತಿ, ಎಲ್ಲರೂ ಚಪ್ಪಾಳೆ ಹೊಡೀತಾರೆ. ಇವನ ಕಷ್ಟ ನೋಡು" ಎನ್ನುತ್ತಿದ್ದರು. ನಗರ ಉಳಿಸಲು ಅಣೆಕಟ್ಟು ಒಡೆದು ಒಂದು ಹಳ್ಳಿಯನ್ನು ಮುಳುಗಿಸಿದ ಖಳನೊಬ್ಬನ ಪುಟ ಅವರ ಕೈಯಲ್ಲಿ ಸವೆದೇ ಹೋಗಿತ್ತು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಭದ್ರಾ ಹೊಳೆ ಸೇತುವೆಯ ಮೇಲೆ ಹರಿಯುತ್ತಿತ್ತು. ಬಸ್ಸಿನಲ್ಲಿದ್ದ ಒಬ್ಬರು, ಜ್ವರ ಏರಿ ಫಿಟ್ಸ್ ಬಂದಿದ್ದ ಮಗಳನ್ನು ಆಚೆ ದಡದ ಆಸ್ಪತ್ರೆಗೆ ಒಯ್ಯುತ್ತಿದ್ದರು. ಡ್ರೈವರ್ ದಾಟಿಸಲು ಒಪ್ಪಿದ. ಕಂಡಕ್ಟರ್ ಇಳಿದು ಬಸ್ಸಿಗೆ ಅಡ್ಡ ನಿಂತರು.

"ನಲವತ್ತು ಜನ ಇದ್ದಾರೆ. ಬಿಡೋದಿಲ್ಲ."

"ನಿಮಗೆ ಮಕ್ಕಳಿಲ್ವಾ?" ಎಂದು ಹೆಂಗಸೊಬ್ಬಳು ಕೂಗಿದಳು. ಹುಡುಗಿಯ ತಂದೆ ಕೆಳಗಿಳಿದು ಅವರ ಕಾಲರ್ ಹಿಡಿದರು. ಅಂಗಿಯ ಗುಂಡಿ ಕಿತ್ತು ಬಿತ್ತು. ಕಂಡಕ್ಟರ್ ಕದಲಲಿಲ್ಲ.

ನೀರಿಳಿಯಲು ಒಂದೂವರೆ ಗಂಟೆ ಬೇಕಾಯಿತು. ಆಸ್ಪತ್ರೆಯ ಮುಂದೆ ಬಸ್ಸು ನಿಂತಾಗ ಮಗು ಇನ್ನೂ ಕಣ್ಣು ಬಿಟ್ಟಿರಲಿಲ್ಲ.

"ಇವಳಿಗೆ ಏನಾದ್ರೂ ಆದ್ರೆ ನಿನ್ನನ್ನ ಸುಮ್ನೆ ಬಿಡೋದಿಲ್ಲ" ಎಂದರು ತಂದೆ.

"ಬನ್ನಿ. ನಾಳೆನೂ ಇದೇ ಬಸ್ಸಲ್ಲಿ ಇರ್ತೇನೆ" ಎಂದ ಕಂಡಕ್ಟರ್, ಮಗುವಿನ ಕಾಲಿನಿಂದ ಜಾರಿದ್ದ ಕಂಬಳಿಯನ್ನು ಸರಿಯಾಗಿ ಹೊದಿಸಿದರು.